ಚಾಲು ಎಂಬ ಮಾತು

೧೯೯೮ರ ಮಾರ್ಚ್ ಹನ್ನೊಂದು. ಎಣ್ಣೆ ಮಿಲ್ಲಿನ ಮಾಲೀಕ ಮಲ್ಲಿಕಾರ್ಜುನಪ್ಪ ಬೆವರೊರೆಸಿಕೊಳ್ಳುತ್ತ ಚಳ್ಳಕೆರೆ ಠಾಣೆಗೆ ಬಂದು ದೂರು ಕೊಟ್ಟರು. ಶೇಂಗಾ ಹಿಂಡುವ ಹೊಸ ಯಂತ್ರವನ್ನು ಚೈನ್ ಪುಲ್ಲಿಯಿಂದ ಕಟ್ಟೆಯ ಮೇಲೆ ಇಳಿಸುವಾಗ ಫಿಟ್ಟರ್ ಓಬಯ್ಯ ಅದರಡಿ ಸಿಕ್ಕಿ ಸತ್ತಿದ್ದ.

"ತನ್ನ ಬಾಯಿಂದ ತಾನೇ ಸತ್ತ ಸಾರ್. ಸಾಕು ಅನ್ನೋ ಬದ್ಲು ತೆಲುಗಲ್ಲಿ ಚಾಲು ಅಂದ. ಚೈನ್ ಹಿಡಿದಿದ್ದ ಪಾಲಾಕ್ಷ, ಚಾಲು ಮಾಡು ಅಂದ ಅಂತ ತಿಳ್ಕಂಡು ಇಳಿಸಿಬಿಟ್ಟ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ಇನ್‌ಸ್ಪೆಕ್ಟರ್ ವಿಶ್ವನಾಥ್ ಶಿರಸಿಯವರು. ವರ್ಗವಾಗಿ ಬಂದು ತಿಂಗಳುಗಳಾದರೂ ಸುಮ್ಮನೆ ಮಾತಿಗೆ ಕೂರುವವರು ಈ ಊರಲ್ಲಿ ಅವರಿಗೆ ಒಬ್ಬರೂ ಇರಲಿಲ್ಲ. ತೆಲುಗಂತೂ ದೇವರಾಣೆ ಗೊತ್ತಿಲ್ಲ. ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೇಬಲ್ ಬೊಮ್ಮಣ್ಣನ ಜೊತೆ ಮಿಲ್ಲಿಗೆ ಹೋದರು.

ಪಂಚನಾಮೆ ನಡೆಯಿತು. ನೇತಾಡುವ ಭಾರದ ಕೆಳಗೆ ಆಳು ಹೋಗುವ ಮೊದಲು ಆಧಾರಕ್ಕೆ ಮರದ ದಿಮ್ಮಿ ಇಟ್ಟಿರಬೇಕು. ಅಲ್ಲಿ ಒಂದೂ ಇರಲಿಲ್ಲ.

"ದಿಮ್ಮಿ ಎಲ್ರೀ?"

"ಹೊತ್ತಾಗ್ತದೆ ಅಂತ..." ಮಲ್ಲಿಕಾರ್ಜುನಪ್ಪ ನೆಲ ನೋಡಿದರು.

ಹೆಣ ತೆಗೆಯಲು ಮತ್ತೆ ಮೇಲೆತ್ತಿದ್ದ ಯಂತ್ರದ ಚೈನನ್ನು ವಿಶ್ವನಾಥ್ ತಾವೇ ಎಳೆದರು. ಒಂದು ಸಲ ಎಳೆದರೆ ಯಂತ್ರ ಬೆರಳಗಲವೂ ಇಳಿಯಲಿಲ್ಲ. ಕೈ ಬಿಟ್ಟರೆ ಅಲ್ಲೇ ನಿಂತಿತು. ಅಯ್ಯೋ ಶಿವನೇ, ಕೆಳಗಿದ್ದವನು ಕೂಗುತ್ತಿದ್ದರೂ ಚೈನ್ ಹಿಡಿದವನು ಎಳೆಯುತ್ತಲೇ ಇದ್ದನಲ್ಲ! ಪಾಲಾಕ್ಷನನ್ನು ಕರೆಸಿದರು.

"ಎಷ್ಟು ಸಲ ಕೂಗಿದ?"

"ಎರಡು ಮೂರು ಸಲ ಸಾರ್. ಚಾಲು, ಚಾಲು ಅಂದ."

"ಕೈಸನ್ನೆ ಮಾಡಲಿಲ್ವಾ?"

"ದಿನಾ ಸನ್ನೇನೇ ಸಾರ್. ಬೋಲ್ಟಿನ ತೂತು ನೋಡಾಕೆ ಕೆಳಗೆ ಮಲಗಿದ್ದ, ಕೈ ಕಾಣ್ತಿರಲಿಲ್ಲ."

"ತೆಲುಗು ಬರುತ್ತಾ?"

"ನಂಗೆಲ್ಲಿ ಸಾರ್."

ಮಿಲ್ಲಿನವರನ್ನು ಕೇಳಿದರೆ, ಪಾಲಾಕ್ಷ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ವಿಶ್ವನಾಥ್ ಮರುದಿನ ಮೊಳಕಾಲ್ಮೂರಿಗೆ, ಓಬಯ್ಯನ ಮನೆಗೆ ಹೋದರು. ಅವನ ಹೆಂಡತಿ ರೇಣುಕಮ್ಮ ಮಗ್ಗದ ಪಕ್ಕ ಕೂತಿದ್ದಳು. ರೇಷ್ಮೆ ಸೀರೆ ಅರ್ಧಕ್ಕೇ ನಿಂತಿತ್ತು.

"ತಪ್ಪು ನಮ್ಮನೆಯವರದೇ ಅಂತ ಬರ್ಕಂತೀರಾ ಸಾರ್? ನಿಮ್ಮಪ್ಪ ಮಾತು ಬರದೆ ಸತ್ತ ಅಂತ ನನ್ನ ಮಕ್ಕಳು ಅನ್ನಿಸ್ಕಬೇಕಾ?"

"ಪಾಲಾಕ್ಷನಿಗೆ ತೆಲುಗು ಬರೋದಿಲ್ಲವಂತೆ."

"ಯಾರ್ರೀ ಅಂದೋರು? ಪಾಲಾಕ್ಷನ ಅವ್ವ ಪಾತಮ್ಮಗೆ ಕನ್ನಡ ಒಂದಕ್ಷರ ಬರ್ತಿರಲಿಲ್ಲ! ಆಯಮ್ಮ ಸತ್ತ ಮ್ಯಾಲೆ ದಿನಾ ಸಂಜೆ ಇಲ್ಲೇ ಬಂದು ಕೂತು, ನಮ್ಮನೆಯವರ ಜೊತೆ ಬರೀ ತೆಲುಗಲ್ಲೇ ಮಾತಾಡೋನು."

"ಈಗ?"

"ವರ್ಷಾತು. ಬರಲ್ಲ." ರೇಣುಕಮ್ಮ ಮಗ್ಗದ ಕಡೆ ಮುಖ ತಿರುಗಿಸಿದಳು.

ಸಂಜೆ ಬೊಮ್ಮಣ್ಣ ಪಾಲಾಕ್ಷನನ್ನು ಮೊಳಕಾಲ್ಮೂರಿಗೆ ಹತ್ತಿರದ ದೇವಸಮುದ್ರದ ಅವನ ಮನೆಯಲ್ಲಿ ದಸ್ತಗಿರಿ ಮಾಡಿದ. ಪಾಪ, ಬೀಗ ಹಾಕಿ ಕೀಲಿ ಯಾರಿಗೆ ಕೊಡಬೇಕೆಂದೇ ಅವನಿಗೆ ತಿಳಿಯಲಿಲ್ಲವಂತೆ.

"ಅವ್ವ ಹೋದ ಮ್ಯಾಲೆ ನನ್ನ ಜೊತೆ ನಮ್ಮ ಮಾತು ಆಡೋನು ಅವನೊಬ್ನೇ ಸಾರ್," ಎಂದ ಪಾಲಾಕ್ಷ. "ಒಂದಿನ ಬಾಗಿಲಲ್ಲೇ ನಿಲ್ಸಿ, ಇನ್ನು ಬರಬ್ಯಾಡ ಅಂದ. ಆವತ್ತಿಂದ ಒಂದೇ ಬಸ್ಸು, ಒಂದೇ ಕೆಲ್ಸ, ಬರೀ ಕೈಸನ್ನೆ. ನಿನ್ನೆ ವರ್ಷದ ಮ್ಯಾಲೆ ಬಾಯಿ ಬಿಟ್ಟ. ಏನಂದ? ಚಾಲು ಅಂದ. ನಿನ್ನ ಸಹವಾಸಾನೇ ಸಾಕು ಅಂದಂಗಾತು. ಎಳೀತಾನೇ ಇದ್ದೆ."

ಪಾಲಾಕ್ಷನ ಮೇಲೆ ಕೊಲೆ, ಮಲ್ಲಿಕಾರ್ಜುನಪ್ಪನವರ ಮೇಲೆ ನಿರ್ಲಕ್ಷ್ಯದ ಕೇಸು ದಾಖಲಾಯಿತು. ವಿಶ್ವನಾಥ್ ರೇಣುಕಮ್ಮನನ್ನು ಠಾಣೆಗೆ ಕರೆಸಿ, ಓಬಯ್ಯನದು ಏನೂ ತಪ್ಪಿಲ್ಲವೆಂದು ಹೇಳಿ, ಪಾಲಾಕ್ಷನ ಹೇಳಿಕೆಯನ್ನೂ ಓದಿದರು. ರೇಣುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬರಬ್ಯಾಡ ಅನ್ರಿ ಅಂತ ಹೇಳಿಕೊಟ್ಟೋಳು ನಾನು ಸಾರ್. ದಿನಾ ಉಣ್ಣೋ ಹೊತ್ತಿಗೆ ಬಂದು ಕೂರ್ತಾನೆ ಅಂತ ಬ್ಯಾಸರ ಆಗಿತ್ತು. ಪಾಪ, ಒಂಟಿ ಕಣೇ, ಬರ್ಲಿ ಬಿಡು ಅಂದ್ರು ಅವರು. ನಾನೇ ಕೇಳಲಿಲ್ಲ. ಅದನ್ನೂ ಬರ್ಕಳ್ರಿ."

ವಿಶ್ವನಾಥ್ ಬರೆದುಕೊಳ್ಳಲಿಲ್ಲ. ಆಕೆಯನ್ನು ಮೊಳಕಾಲ್ಮೂರು ಬಸ್ಸಿಗೆ ಹತ್ತಿಸಿ ಬಾ ಎಂದು ಬೊಮ್ಮಣ್ಣನಿಗೆ ಹೇಳಿದರು.