ಚಿಂತಾಕಿ ಕೆರೆಯ ಬಡಕಲು ಮೀನು

"ಆಯಿ, ನಮ್ಮಪ್ಪಗ ಕಳ್ಳ ಅಂದಾರ್ರಿ," ಎಂದು ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟಳು ನಿಷಾ.

ಭಾಗೀರಥಿಬಾಯಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವರು ಕೈ ಒರೆಸಿಕೊಂಡು ಎದ್ದರು. ಮೂಲೆಯಲ್ಲಿ ಮೂರನೇ ಕಪ್ಪು ಚಹಾಕ್ಕೆ ಕೈ ಹಾಕಿದ್ದ ಅನೀಲಕುಮಾರ ಕಪ್ಪನ್ನು ಅಲ್ಲೇ ಇಟ್ಟ. ಅವನು ಚಹಾ ಬಿಟ್ಟನೆಂದರೆ ವಿಷಯ ಗಂಭೀರವೆಂದೇ ಅರ್ಥ.

ಬೀದರಿನ ಚೌಬಾರಾದ ಹಿಂದಿನ ಆ ಗಲ್ಲಿಯಲ್ಲಿ ಏನು ಕಳುವಾದರೂ, ಯಾರು ಕಾಣೆಯಾದರೂ ಸುದ್ದಿ ಮೊದಲು ಭಾಗೀರಥಿಬಾಯಿಯ ಕಟ್ಟೆಗೆ ಬರುತ್ತಿತ್ತು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿ ದುಡಿದ ಹೆಂಗಸು. ಪಾಠ ಹೇಳಿದವರು ಪುಸ್ತಕ ನೋಡಿ ಹೇಳಿದರು, ಭಾಗೀರಥಿಬಾಯಿ ಮಾತ್ರ ಬಾಟಲಿಯೊಳಗಿನ ಜೀವಿಗಳನ್ನೇ ನೋಡಿ ಕಲಿತರು. ಕಾಲೇಜು ಗುಜರಿಗೆ ಹಾಕಿದ್ದ ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ಮನೆಗೆ ತಂದು ದೇವರ ಮಾಡದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅನೀಲಕುಮಾರನೋ, ಅದೇ ಗಲ್ಲಿಯವನು, ಔರಾದ ರೂಟಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದವನು. ಬಾಯಿಯ ಪ್ರತಿ ಪತ್ತೇದಾರಿಯಲ್ಲೂ ಮೊದಲು ತಪ್ಪು ಮನುಷ್ಯನನ್ನು ಹಿಡಿಯುವ ಹೊಣೆ ಅವನದು. ಅದರಲ್ಲಿ ಅವನು ಒಮ್ಮೆಯೂ ತಪ್ಪಿದವನಲ್ಲ.

ಬೀದರಿನಲ್ಲಿ ನರ್ಸ್ ಆಗಿದ್ದ ನಿಷಾ ನೀರು ಕುಡಿದು ಹೇಳಿದಳು. ಅವಳ ಅಪ್ಪ ಯಾಕೋಬ ಚಿಂತಾಕಿ ಹತ್ತಿರದ ಸಣ್ಣ ಕೆರೆಗೆ ಒಂಬತ್ತು ವರ್ಷದಿಂದ ಕಾವಲುಗಾರ. ಮೀನುಗಾರರ ಸಂಘ ಹೋದ ವರ್ಷ ಅಲ್ಲಿ ಎರಡು ಸಾವಿರ ಕಾಟ್ಲಾ ಮರಿ ಬಿಟ್ಟಿತ್ತು. ಈಗ ಜೂನಿನಲ್ಲಿ ಬಲೆ ಎಳೆದರೆ, ಒಂದೊಂದು ಕಿಲೋ ತೂಗಬೇಕಾದ ಮೀನು ಒಂದೂ ಇಲ್ಲ. ಎಲ್ಲ ಕಾಲು ಕಿಲೋದ ಮೇಲೆ ಒಂದಿಷ್ಟು. ದೊಡ್ಡ ಮೀನು ಯಾಕೋಬನೇ ಮಾರಿದ್ದಾನೆಂದು ಸಂಘದ ಅಧ್ಯಕ್ಷ ಮಡೆಪ್ಪ ಗುಡಿಸಲ ಕೀಲಿಯನ್ನೂ ಕಾವಲಿನ ಸೀಟಿಯನ್ನೂ ಕಸಿದುಕೊಂಡಿದ್ದ. ಸೋಮವಾರ ಸಭೆ, ಅಲ್ಲಿಂದ ನೇರ ಪೊಲೀಸ್ ಠಾಣೆ.

"ಚರ್ಚಿನ್ಯಾಗ ಕಾಣಿಕಿ ತಟ್ಟಿ ಹಿಡಿಯೋನು ನಮ್ಮಪ್ಪರಿ. ಈ ಕೈಲೆ ಇನ್ನ ಆ ತಟ್ಟಿ ಹ್ಯಾಂಗ ಹಿಡೀಲಿ ಅಂತ ಕೂತಾನ. ಎರಡು ದಿನ ಆಯ್ತು, ಉಂಡಿಲ್ಲ."

"ಕೆರಿ ಫೋಟೋ ಅದೇನವ್ವಾ?"

ನಿಷಾಳ ಮೊಬೈಲಿನಲ್ಲಿ ಎರಡಿದ್ದವು. ಕ್ರಿಸ್ಮಸ್ ದಿನ ಏರಿಯ ಮೇಲೆ ತೆಗೆದದ್ದರಲ್ಲಿ ನೀರು ತಿಳಿ ಚಹಾದ ಬಣ್ಣ. ಯುಗಾದಿಯದರಲ್ಲಿ ಹಸಿರು ಪೇಂಟು ಸುರಿದ ಹಾಗೆ.

"ಈ ಎರಡರ ನಡುವ ಮಳಿ ಬಂದಿತ್ತೇನು?"

"ಎಲ್ಲಿದರಿ ಆಯಿ, ಒಂದು ಹನಿನೂ ಇಲ್ಲ."

ಬಾಯಿ "ಹೂಂ" ಎಂದರು. ಆ "ಹೂಂ" ಬಂದಾಗೆಲ್ಲ ತನಗೆ ಬಸ್ ಪ್ರಯಾಣ ತಪ್ಪಿದ್ದಲ್ಲವೆಂದು ಅನೀಲಕುಮಾರನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಔರಾದದಲ್ಲಿ ಬಸ್ ಬದಲಿಸಿ ಕೆರೆಗೆ ಹೋದರು. ಮಡೆಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಏರಿಯ ಮೇಲೆ ಕಾದಿದ್ದ.

"ನೀರು ನೋಡ್ರಿ ಬಾಯಿ, ಹ್ಯಾಂಗ ಹಸರ ಅದ! ಇಷ್ಟು ಮೇವಿದ್ದ ಕೆರ್ಯಾಗ ಮೀನು ಬಡಕಾಗ್ತಾವೇನ್ರಿ? ದೊಡ್ಡವು ಮಾರ್ಯಾನ, ಸಣ್ಣವು ಉಳಿಸ್ಯಾನ."

ಬಾಯಿ ಉತ್ತರ ಕೊಡದೆ ಸೆರಗು ಸಿಕ್ಕಿಸಿ ನೀರಿಗೆ ಕೈ ಇಳಿಸಿದರು. ಮಣಿಕಟ್ಟು ಮುಳುಗುವಷ್ಟರಲ್ಲಿ ಅಂಗೈ ಮಾಯವಾಗಿತ್ತು. ಕೈ ತೆಗೆದಾಗ ಅದಕ್ಕೆ ಹಸಿರು ಹಿಟ್ಟು ಮೆತ್ತಿಕೊಂಡು ನಾರುತ್ತಿತ್ತು. ಕೆರೆಯ ನಡುವೆ ಐದು ಬಿದಿರಿನ ಗಳಗಳು ನಿಂತಿದ್ದವು.

"ಅವು ಏನರಿ?"

"ಕಳ್ಳರ ಬಲಿ ಹರೀಲಿ ಅಂತ ನಾನೇ ನಿಂತು ಹುಗಿಸೇನ್ರಿ, ಜನವರ್ಯಾಗ," ಎಂದ ಮಡೆಪ್ಪ ಹೆಮ್ಮೆಯಿಂದ.

ಬಾಯಿ ಹರಿಗೋಲಿನಲ್ಲಿ ಗಳಗಳ ತನಕ ಹೋಗಿಬಂದರು. ನುಣ್ಣಗಿನ ಗಳ, ಒಂದು ಮುಳ್ಳಿನ ಕಂಟಿಯನ್ನೂ ಕಟ್ಟಿಲ್ಲ. ಆದರೆ ಐದಕ್ಕೂ ಸೊಂಟದೆತ್ತರದಲ್ಲಿ ಹಗ್ಗದ ತುಂಡು, ಹಗ್ಗದಲ್ಲಿ ಸಿಕ್ಕಿಕೊಂಡ ಗೋಣಿಯ ನಾರು. ಅನೀಲಕುಮಾರ ಅದನ್ನು ನೋಡಿದ, ಆದರೆ ಅವನ ತಲೆ ಬೇರೆಡೆ ಓಡುತ್ತಿತ್ತು. ಕೆರೆಗೆ ಹತ್ತಿದ್ದು ಗೋರಖನಾಥನ ಸೋಯಾಬೀನ್ ಹೊಲ.

"ಅಕ್ಕಾ, ಸಿಕ್ಕ ನೋಡ್ರಿ! ಗೋರಖನಾಥ ಹೊಲಕ್ಕ ಕಳಿ ಸುಡೋ ಎಣ್ಣಿ ಹೊಡೀತಾನ. ಅದೇ ವಿಷ ಕೆರಿಗೆ ಇಳದದ."

"ಕಳಿ ಎಣ್ಣಿ ಇಳದಿದ್ರ ಮೊದಲ ಪಾಚಿ ಸಾಯ್ತಿತ್ತು ತಮ್ಮಾ. ಇಲ್ಲಿ ಪಾಚಿಗೇ ಹಬ್ಬ ಆಗ್ಯದ," ಎಂದರು ಬಾಯಿ. "ಅದಿರಲಿ. ಬಸ್ಸಿನ್ಯಾಗ ಮಂದಿ ಕಮ್ಮಿ ಆಗ್ಯಾರಂತ ನಿನಗ ಹ್ಯಾಂಗ ತಿಳೀತಿತ್ತು?"

"ತಲಿ ಎಣಿಸಿ."

"ತೂಕ ಮಾಡಿ ಅಲ್ಲ?"

ಅನೀಲಕುಮಾರ ಆಗಲೇ ಪ್ಯಾಂಟು ಮಡಚತೊಡಗಿದ. ವ್ಯಾಪಾರಿ ಬೇಡವೆಂದು ಬಿಟ್ಟುಹೋದ ಮೀನನ್ನೆಲ್ಲ ಸಂಘದವರು ಒಂದು ಮೂಲೆಯಲ್ಲಿ ಬಲೆ ಕಟ್ಟಿ ಜೀವಂತ ಇಟ್ಟಿದ್ದರು. ತೂಗಿದವರು ಎಲ್ಲರೂ, ಎಣಿಸಿದವರು ಒಬ್ಬರೂ ಇಲ್ಲ. ಅವನು ಮೊಣಕಾಲುದ್ದ ನೀರಿಗಿಳಿದು ಸಂಜೆಯ ತನಕ ಬುಟ್ಟಿ ಬುಟ್ಟಿಯಾಗಿ ಎಣಿಸಿದ. ನಡುವೆ ಯಾರೋ ಮಾತಾಡಿಸಿದರೆ "ಟಿಕೆಟ್ ಮುಗೀಲಿ ತಡೀರಿ" ಎಂದು ರೇಗಿದನಂತೆ. ಮೇಲೆ ಬಂದು ಲೆಕ್ಕ ಹೇಳಿದಾಗ ಬಾಯಿಯ ಮುಖ ಅರಳಿತು. ಅವರು ಸಂಘದವರನ್ನು ಕೇಳಿ ಎರಡು ಮೀನು ಕೈಚೀಲಕ್ಕೆ ಹಾಕಿಕೊಂಡರು. ಒಂದು ಬಾಟಲಿ ನೀರನ್ನೂ ತುಂಬಿಕೊಂಡರು.

ಚಿಂತಾಕಿಗೆ ಮರಿ ಕೊಟ್ಟವರೇ ಅದೇ ವಾರ ಭಾಲ್ಕಿ ಹತ್ತಿರದ ಇನ್ನೊಂದು ಕೆರೆಗೂ ಕೊಟ್ಟಿದ್ದರು. ಶನಿವಾರ ಅಲ್ಲಿಗೆ ಹೋದರೆ ಕೆರೆ ನೋಡಿಕೊಳ್ಳುವ ಅಖೀಲ ಕಿಲೋ ಮೀರಿದ ಕಾಟ್ಲಾ ಎತ್ತಿ ತೋರಿಸಿದ. ಅಲ್ಲಿನ ನೀರು ಕಂದು. ಬಾಯಿ ಬಾಟಲಿ ತುಂಬಿ ಬಿಸಿಲಿಗೆ ಹಿಡಿದರು, ಒಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಣಿಯುತ್ತಿದ್ದವು. ಚಿಂತಾಕಿಯ ಬಾಟಲಿಯಲ್ಲಿ ಒಂದೂ ಇರಲಿಲ್ಲ.

"ಗೊಬ್ಬರ ಏನು ಹಾಕ್ತೀಯಪ್ಪಾ?"

"ಸಗಣಿರಿ. ಗೋಣಿಚೀಲದಾಗ ತುಂಬಿ ಬಿದಿರಿಗೆ ಕಟ್ಟಿ ಅರ್ಧ ನೀರಾಗ ಇಳಿಬಿಡ್ತೇನಿ, ಸಾವಕಾಶ ಕರಗ್ತದ. ದಿನಾ ಮೊಣಕೈ ತನಕ ಕೈ ಇಳಿಸಿ ನೋಡ್ತೇನಿ. ಅಂಗೈ ಕಾಣದಂಗಾದ್ರ ಚೀಲ ಎತ್ತಿಬಿಡ್ತೇನ್ರಿ. ಮೀನುಗಾರಿಕಿ ಟ್ರೇನಿಂಗಿನ್ಯಾಗ ಎಲ್ಲಾ ಸಂಘದ ಅಧ್ಯಕ್ಷರಿಗೂ ಇದನ್ನೇ ಹೇಳ್ಯಾರ."

ಅನೀಲಕುಮಾರನ ಕಣ್ಣ ಮುಂದೆ ಐದು ಬಿದಿರು ನಿಂತವು. ಜೀವನದಲ್ಲಿ ಮೊದಲ ಸಲ ಅವನು ಯಾರ ಹೆಸರನ್ನೂ ಹೇಳದೆ ಬಸ್ ಹತ್ತಿದ.

ಸೋಮವಾರ ಏರಿಯ ಬೇವಿನ ಮರದಡಿ ಊರಿಗೂರೇ ಸೇರಿತ್ತು. ಯಾಕೋಬ ತಲೆ ತಗ್ಗಿಸಿ ಮಗಳ ಪಕ್ಕ ಕೂತಿದ್ದ. ಆ ಸಾಧು ಮನುಷ್ಯನ ಇಳಿದ ಮುಖ ನೋಡಿ ಅನೀಲಕುಮಾರ ಅವನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತ.

ಭಾಗೀರಥಿಬಾಯಿ ಎದ್ದು ನಿಂತರು. "ಎರಡು ಸಾವಿರ ಮರಿ ಬಿಟ್ಟೀರಿ. ಬಲ್ಯಾಗ ಎಷ್ಟವ? ಹೇಳೋ ತಮ್ಮಾ."

"ಸಾವಿರದ ಏಳುನೂರಾ ನಲವತ್ತು!" ಎಂದು ಅನೀಲಕುಮಾರ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದ.

"ಕೊಕ್ಕರಿ, ರೋಗ, ಸಾವು ಅಂತ ಇಷ್ಟು ಹೋಗೂದು ಇದ್ದದ್ದೇ. ಅಂದಮ್ಯಾಲ ಯಾಕೋಬ ಮಾರಿದ ದೊಡ್ಡ ಮೀನು ಯಾವವು? ಇವೇ ಆ ದೊಡ್ಡ ಮೀನು." ಬಲೆಯಿಂದ ತರಿಸಿದ್ದ ಒಂದನ್ನು ಎತ್ತಿ ಹಿಡಿದರು. "ತಲಿ ನೋಡ್ರಿ, ಕಿಲೋ ಮೀನಿನ ತಲಿ. ಮೈ ನೋಡ್ರಿ, ಚಾಕುವಿನಂಗ ತೆಳ್ಳಗ. ಇವು ಸಣ್ಣವಲ್ಲ, ಉಪವಾಸ ಬಿದ್ದಾವ."

ಸಭೆಯಲ್ಲಿ ಗುಜುಗುಜು ಎದ್ದಿತು. "ಇಷ್ಟು ಹಸರ ಇದ್ದು ಉಪವಾಸೇನ್ರಿ?" ಎಂದ ಮಡೆಪ್ಪ.

"ಹೊಟ್ಟು ರಾಶಿ ಇದ್ರ ಹೊಟ್ಟಿ ತುಂಬ್ತದ, ಮೈ ತುಂಬಂಗಿಲ್ಲ. ಕಾಟ್ಲಾ ತಿನ್ನೂದು ನೀರಾಗ ಚುಕ್ಕಿಯಂಗ ಕುಣಿಯೋ ಸಣ್ಣ ಹುಳ, ನೀರಚಿಗಟ. ಆ ಚಿಗಟ ತಿನ್ನೂದು ಪಾಚಿ. ಕಂದು ಪಾಚ್ಯಾಗ ಎಣ್ಣಿ ಅಂಶ ಅದ, ಅದನ್ನ ತಿಂದ ಚಿಗಟ ಮರಿ ಹಾಕ್ತದ, ಮೀನು ದಪ್ಪ ಆಗ್ತದ. ಗೊಬ್ಬರ ಅತೀ ಆದ್ರ ಕಂದು ಪಾಚಿ ಸೋತು ಈ ನೀಲಿ-ಹಸರ ಪಾಚಿ ಗೆಲ್ತದ. ಇದರಾಗ ಆ ಸತ್ವ ಇಲ್ಲ. ಚಿಗಟ ಸತ್ತುಹೋದ್ವು. ಮೀನು ಗತಿಯಿಲ್ಲದೆ ಪಾಚೀನೇ ನುಂಗ್ಯಾವ. ಕರುಳು ಸೀಳಿ ಸೂಕ್ಷ್ಮದರ್ಶಕದಾಗ ನೋಡೇನಿ, ಪಾಚಿ ಅರಗದೆ ಹಸರಿಗೆ ಹಸರ ಇತ್ತು. ಈ ಕೆರ್ಯಾಗ ಕಳುವಾದದ್ದು ಮೀನಲ್ಲರಿ, ಮೀನಿನ ಊಟದ ಸತ್ವ."

"ಗೊಬ್ಬರ ಗೋರಖನಾಥನ ಹೊಲದಿಂದ ಬಂದದ!" ಎಂದ ಮಡೆಪ್ಪ ಥಟ್ಟನೆ.

"ಹರಿದು ಬರಲಿಕ್ಕ ಮಳಿ ಬೇಕಲ್ಲರಿ? ನೀರು ಹಸರಾದದ್ದು ಕ್ರಿಸ್ಮಸ್ಸಿಗೂ ಯುಗಾದಿಗೂ ನಡುವ. ಆಗ ಹನಿ ಬಿದ್ದಿಲ್ಲ. ಗೊಬ್ಬರ ಕೈಲಿಂದ ಬಂದದ. ಮಡೆಪ್ಪನವರ, ಯಾಕೋಬನ ಮ್ಯಾಲ ನಿಮಗ ಸಂಶಯ ಬಂದದ್ದು ಯಾವಾಗ?"

"ಈಗ, ಬಲಿ ಎಳದಾಗ್ರಿ."

"ಅದಕ್ಕ ಮೊದಲ ಕಳವಿನ ಮಾತಿತ್ತೇನು?"

"ಒಂಬತ್ತು ವರ್ಷದಾಗ ಒಮ್ಮೆನೂ ಇಲ್ಲರಿ," ಎಂದು ಹಿಂದಿನಿಂದ ನಾಲ್ಕು ಜನ ಹೇಳಿದರು.

"ಮತ್ತ ಜನವರ್ಯಾಗ ಯಾವ ಕಳ್ಳನ ಸಲುವಾಗಿ ಬಿದಿರು ಹುಗಿಸಿದ್ರಿ? ಬಲಿ ಹರಿಯೋ ಬಿದಿರಿಗೆ ಮುಳ್ಳು ಬೇಕು. ನಿಮ್ಮ ಬಿದಿರಿಗೆ ಗೋಣಿಚೀಲದ ನಾರು ಅದ. ಹೊಲದವ ಗೊಬ್ಬರ ಚೆಲ್ತಾನ. ಚೀಲ ಕಟ್ಟಿ ನೀರಿಗೆ ಇಳಿಬಿಡೋದು ಟ್ರೇನಿಂಗಿಗೆ ಹೋದವರಿಗೇ ಗೊತ್ತು. ಈ ಸಂಘದಿಂದ ಟ್ರೇನಿಂಗಿಗೆ ಹೋದವರು ಯಾರು?"

ಎಲ್ಲರ ಮುಖ ಒಂದೇ ಕಡೆ ತಿರುಗಿತು. ಮಡೆಪ್ಪನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಹಸರ ನೀರು ಮೀನಿಗಿ ಹಾಲಿದ್ದಂಗ ಅಂದಿದ್ರು," ಎಂದ ಅವನು ಕುಗ್ಗಿದ ದನಿಯಲ್ಲಿ. "ಸಗಣಿ ಒಂದು ಬುಟ್ಟಿಗೆ ಇಷ್ಟಾದ್ರ ಡಿಎಪಿ ಗೊಬ್ಬರ ಐದು ಚೀಲಕ್ಕ ಎಷ್ಟಾದೀತು ಅಂತ, ಯಾಕೋಬ ಚರ್ಚಿಗೆ ಹೋದಾಗ ಕಟ್ಟಿಸಿದ್ನಿರಿ. ಜಿಲ್ಲಾಕ್ಕ ದೊಡ್ಡ ಮೀನು ನಮ್ಮದೇ ಆಗ್ಲಿ ಅಂತ ಆಸಿ ಇತ್ತು. ಬಲಿ ಮ್ಯಾಲ ಬಂದಾಗ ಎಲ್ಲಾ ಬಡಕಲು ಮೀನು. ನನ್ನ ಹೆಸರು ಬರ್ತದಂತ ಅಂಜಿ..."

"ಗೊಬ್ಬರ ಹಾಕಿದ್ದು ತಿಳೀದೆ ಮಾಡಿದ್ದು, ಅದಕ್ಕ ಮಾಫಿ ಅದ," ಎಂದರು ಬಾಯಿ. ಅವರ ದನಿ ಗಟ್ಟಿಯಾಯಿತು. "ಯಾಕೋಬಗ ಕಳ್ಳ ಅಂದದ್ದು ತಿಳಿದೂ ತಿಳಿದೂ ಮಾಡಿದ್ದು. ಅದರ ಮಾಫಿ ನನ್ನ ಕೈಯಾಗಿಲ್ಲ, ಅವನ ಕೈಯಾಗದ."

ಮಡೆಪ್ಪ ಎದ್ದ. ಕಿಸೆಯಿಂದ ಕೀಲಿ ತೆಗೆದ, ಸೀಟಿ ತೆಗೆದ. ಊರೆಲ್ಲ ನೋಡುತ್ತಿರುವಂತೆ ಯಾಕೋಬನ ಮುಂದೆ ಹೋಗಿ ಎರಡೂ ಕೈಯಿಂದ ಚಾಚಿದ. "ತಪ್ಪಾಯ್ತು ಯಾಕೋಬಣ್ಣ."

ಯಾಕೋಬ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಅದೇ ಕೈ ಚಾಚಿ ಕೀಲಿ, ಸೀಟಿ ಎರಡನ್ನೂ ತೆಗೆದುಕೊಂಡ. "ಮೊದಲ ಆ ಬಿದಿರು ಕೀಳಸ್ರಿ ಅಧ್ಯಕ್ಷರ," ಎಂದ. ನಿಷಾ ಅಳುತ್ತಲೇ ನಕ್ಕುಬಿಟ್ಟಳು. "ಅಪ್ಪಾ, ಈಗರ ಉಣ್ತಿಯಿಲ್ಲೋ?"

"ಉಣ್ತೀನವ್ವಾ. ಒಂದು ಸುತ್ತು ಹಾಕಿ ಬರ್ತೇನಿ."

ನಡು ಮಧ್ಯಾಹ್ನ, ಕಳ್ಳನಿಲ್ಲ ಸುಳ್ಳನಿಲ್ಲ. ಯಾಕೋಬ ಏರಿಯ ಮೇಲೆ ನೆಟ್ಟಗೆ ನಿಂತು, ಚಿಂತಾಕಿಯ ಕೊನೆಯ ಮನೆಗೂ ಕೇಳುವ ಹಾಗೆ ಎದೆ ತುಂಬಿ ಎರಡು ಸಲ ಸೀಟಿ ಊದಿದ.

"ರೈಟ್!" ಎಂದು ಕೂಗಿದ ಅನೀಲಕುಮಾರ, ಕಣ್ಣೊರೆಸಿಕೊಳ್ಳುತ್ತ.