ಒಂದೇ ಮರದ ಹದಿಮೂರು ಹಲಗೆ

ಮೊದಲು ಮರ ಮುರಿದ ಸದ್ದು. ಹಿಂದೆಯೇ ಗಾಜು. ಆಮೇಲೆ ಏನೂ ಇಲ್ಲ.

ಹಿತ್ತಿಲಲ್ಲಿ ಹೊಸ ಗೋಡೆಗೆ ನೀರು ಹಾಯಿಸುತ್ತಿದ್ದವಳು ಪೈಪನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. ಮೆಟ್ಟಿಲ ಬುಡದಲ್ಲಿ ಗಂಡ ಬಿದ್ದಿದ್ದ. ಎದೆಯ ಮೇಲೆ ಕಿಟಕಿಯ ಚೌಕಟ್ಟು. ತಲೆ, ಹಲಗೆ ನುಣುಪು ಮಾಡುವ ಯಂತ್ರದ ಕಬ್ಬಿಣದ ಕಾಲಿಗೆ ತಾಗಿತ್ತು. ಮೇಲೆ ಏಳನೆಯ ಮೆಟ್ಟಿಲು ಎರಡು ತುಂಡಾಗಿತ್ತು.

ಇವತ್ತು ಭಾನುವಾರ, ಇವರು ಬರಬೇಕಾದದ್ದು ಸೋಮವಾರ ಅಲ್ಲವೇ — ಅವಳಿಗೆ ಮೊದಲು ಹೊಳೆದದ್ದು ಇದು. ಹೊರಗೆ ಪೈಪಿನ ನೀರು ಹರಿಯುತ್ತಲೇ ಇತ್ತು.

ಊರಾಚೆ, ಹೊಲಗಳ ಅಂಚಿನಲ್ಲಿ ಬಡಗಿ ಮತ್ತು ಅವನ ಹೆಂಡತಿ ಕಟ್ಟಿಸುತ್ತಿದ್ದದ್ದು ಒಂದೇ ಸೂರಿನ ಮನೆ: ಕೆಳಗೆ ಕಾರ್ಖಾನೆ, ಮೇಲೆ ಎರಡು ಕೋಣೆ, ನಡುವೆ ಹದಿಮೂರು ಮೆಟ್ಟಿಲು. ವಾರವಿಡೀ ಅವನು ಪೇಟೆಯಲ್ಲಿ ಅಣ್ಣನ ಜೊತೆಗಿನ ಹಳೆಯ ಅಂಗಡಿಯಲ್ಲಿ ದುಡಿದು, ಸೋಮವಾರದ ರಜೆಗೆ ಮಾತ್ರ ಬರುತ್ತಿದ್ದ. ಇಲ್ಲಿದ್ದು ಕೆಲಸ ನೋಡಿಕೊಳ್ಳುತ್ತಿದ್ದವಳು ಅವಳು. ಕಿಟಕಿ ಬೇಗ ತಯಾರಾಯಿತೆಂದು ಅವನು ಒಂದು ದಿನ ಮೊದಲೇ ಬಂದಿದ್ದ. ಅವಳನ್ನು ಕರೆಯದೆ ಚೌಕಟ್ಟನ್ನು ಹೆಗಲಿಗೇರಿಸಿಕೊಂಡು ಮೇಲೆ ಹತ್ತಿದ್ದ.

ಮುರಿದ ಹಲಗೆಯ ನಡುವೆ ದೊಡ್ಡದೊಂದು ಗಂಟು. ಬಂದವರೆಲ್ಲ ಅದನ್ನು ನೋಡಿದರು. ತಾನು ಮಾಡಿದ ಮೆಟ್ಟಿಲಿಗೆ ತಾನೇ ಬಲಿಯಾದ ಎಂದು ಊರೆಲ್ಲ ಸುದ್ದಿಯಾಯಿತು. ಬಾಗಿಲು ಮಾಡಿಕೊಡಲು ಹೇಳಿದ್ದ ಇಬ್ಬರು, ಪುಣ್ಯಕ್ಕೆ ಉಳಿದೆವು ಎಂದುಕೊಂಡರಂತೆ. ಗಂಡ ಸತ್ತರೂ ಅಳು ಬಾರದಿದ್ದ ಹೆಂಡತಿಗೆ ಆ ಮಾತು ಮಾತ್ರ ಒಳಗೆ ನಾಟಿತು.

ಹನ್ನೆರಡನೆಯ ದಿನ ಪೊಲೀಸ್ ಅಧಿಕಾರಿ ಬಂದ. ಪೇದೆಗಳು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದು ನಿಧಾನಪ್ಪ ಎಂದು. ಕೈಯಲ್ಲಿ ಬರೆದು ಮುಗಿಸಿದ ವರದಿ.

"ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮ. ಮೃತರೇ ಮಾಡಿದ ಮೆಟ್ಟಿಲಿನ ದೋಷದಿಂದ ಆಕಸ್ಮಿಕ ಸಾವು."

"ಹಾಕಲ್ಲ."

"ಯಾಕೆ?"

"ಅವರು ಗಂಟಿರೋ ಹಲಗೇನ ಮೆಟ್ಟಿಲಿಗೆ ಹಾಕೋರಲ್ಲ."

"ಗಂಡನ ಕೆಲಸದಲ್ಲಿ ತಪ್ಪಿದೆ ಅಂತ ಯಾವ ಹೆಂಡತಿ ಒಪ್ತಾಳೆ ಹೇಳಿ?"

"ಪಲ್ಯಕ್ಕೆ ಉಪ್ಪು ಹಾಕೋದ್ರಲ್ಲಿ ಅವರು ತಪ್ಪೋರು, ಒಪ್ತೀನಿ. ಮರದಲ್ಲಿ ತಪ್ಪೋರಲ್ಲ."

ನಿಧಾನಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ತುಂಡುಗಳನ್ನು ಎತ್ತಿ ಮಗುಚಿದ. ಮುರಿದ ಅಂಚನ್ನು ಕೆಳಭಾಗದಲ್ಲಿ ಉಗುರಿನಿಂದ ಕೆರೆದ. ಮರದ ಹುಡಿ ಕಲಸಿದ ಮೇಣ ಉದುರಿತು. ಅದರಡಿಯಲ್ಲಿ ಗಂಟಿನುದ್ದಕ್ಕೂ ನೇರವಾದ ಗರಗಸದ ಗೀಟು, ಅರ್ಧ ಬೆರಳು ಆಳ.

ಅವನು ವರದಿಯನ್ನು ಮಡಚಿ ಜೇಬಿಗಿಟ್ಟ. "ಇದು ಮುರಿದದ್ದಲ್ಲ. ಮುರಿಯೋ ಹಾಗೆ ಮಾಡಿದ್ದು."

ಅವಳು ತಾನು ಕೂತಿದ್ದ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನದೊಳಗೆ ಅವನು ಕರೆಸಿದ ಮೂವರು ಬಂದರು. ಸಾವಿನ ಹಿಂದಿನ ವಾರ ಮನೆಯೊಳಗೆ ಕಾಲಿಟ್ಟವರು ಅವರಷ್ಟೇ.

"ನಿಮ್ಮನ್ನ ಗುರುವಾರ ಕೆಲಸದಿಂದ ಬಿಡಿಸಿದ್ರಂತೆ?" ನಿಧಾನಪ್ಪ ಗಾರೆ ಮೇಸ್ತ್ರಿಯನ್ನು ಕೇಳಿದ.

"ಹೌದು ಸಾಹೇಬ್ರೇ. ಮೆಟ್ಟಿಲು ಹೊರಗಿರಲಿ ಅಂದಿದ್ದೆ, ಒಳಗೇ ಮಾಡಿದ್ರು. ಅದೇ ಮಾತಿಗೆ ಅವತ್ತು ಫೋನಲ್ಲಿ ಜಗಳ ಆಯ್ತು. ಅದಕ್ಕೆಲ್ಲ ಜೀವ ತೆಗೆಯೋ ಹಾಗಿದ್ರೆ ನನ್ನ ಹತ್ರ ಮನೆ ಕಟ್ಟಿಸಿದೋರು ಒಬ್ಬರೂ ಉಳೀತಿರಲಿಲ್ಲ."

"ಗುರುವಾರ ಆದ್ಮೇಲೆ ಬಂದಿದ್ರಾ?"

"ಶನಿವಾರ ಬಂದೆ. ಗಾರೆ ಹಚ್ಚೋ ಕರಣೆ ಮರೆತಿದ್ದೆ. ಅಕ್ಕಾವ್ರೇ ಕೊಟ್ರು."

ಪಕ್ಕದ ತೋಟದವನಿಗೆ ಕೂರಲು ಹೇಳಿದರೂ ಕೂರಲಿಲ್ಲ.

"ಯಂತ್ರದ ಗಲಾಟೆಗೆ ನನ್ನ ಕೋಳಿಗಳು ಮೊಟ್ಟೆ ಇಡೋದು ಬಿಟ್ಟಿವೆ ಅಂತ ಬಂದು ಹೇಳಿದೆ, ಪಂಚಾಯ್ತಿಗೆ ಅರ್ಜಿನೂ ಕೊಟ್ಟೆ. ಅರ್ಜಿ ಕೊಟ್ಟೋನು ಗರಗಸ ಯಾಕೆ ಹಿಡೀತಾನೆ?"

"ಗರಗಸದ ಮಾತು ನಾನೆಲ್ಲಿ ಎತ್ತಿದೆ?"

"ಹೊರಗೆ ನಿಮ್ಮ ಪೇದೆ ಎಲ್ಲರಿಗೂ ಹೇಳ್ತಾ ಇದ್ದಾನೆ."

ನಿಧಾನಪ್ಪ ಬಾಗಿಲ ಕಡೆ ನೋಡಿದ. ಪೇದೆ ಆಕಾಶ ನೋಡಿದ.

ಕೊನೆಗೆ ಗಂಡನ ಅಣ್ಣ. ತಮ್ಮನಿಗೆ ಕೆಲಸ ಕಲಿಸಿದವನು. ಹನ್ನೆರಡು ದಿನದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದ.

"ಶುಕ್ರವಾರ ನಾನೇ ಬಂದು ಮೆಟ್ಟಿಲಿಗೆ ಪಾಲಿಶ್ ಹಚ್ಚಿದೆ ಸಾರ್. ಗಂಟು ಕಣ್ಣಿಗೆ ಬಿತ್ತು. ತಮ್ಮನಿಗೆ ಹೇಳ್ಬೇಕು ಅಂದ್ಕೊಂಡು ಮರೆತೆ. ಆ ಪಾಪ ನನ್ನ ತಲೆ ಮೇಲಿದೆ."

"ಆಗ ಇವರೆಲ್ಲಿದ್ರು?"

"ಪಾಲಿಶ್ ವಾಸನೆ, ಸಂಜೆವರೆಗೂ ಒಳಗೆ ಬರಬೇಡ ಅಂದ್ರು ಭಾವ," ಎಂದಳು ಅವಳು. "ಹೊರಗಿದ್ದೆ."

"ಆಮೇಲೆ ಆ ಮೆಟ್ಟಿಲು ಹತ್ತಿದ್ರಾ?"

"ಎರಡು ದಿನ. ಹತ್ತಿದ್ದೆಷ್ಟೋ, ಇಳಿದದ್ದೆಷ್ಟೋ."

ನಿಧಾನಪ್ಪ ಟಾರ್ಚ್ ಹಿಡಿದು ಮೆಟ್ಟಿಲ ಅಡಿಗೆ ನುಸುಳಿದ. ಬಹಳ ಹೊತ್ತು ಬರಲಿಲ್ಲ. ತೋಟದವನು ಗಡಿಯಾರ ನೋಡಿಕೊಂಡ.

"ಅಮ್ಮ," ಅಡಿಯಿಂದ ದನಿ ಬಂತು. "ಮೇಲುಗಡೆ ಪಾಲಿಶ್ ಬಣ್ಣದಲ್ಲಿ ಕಾಣಿಸಲ್ಲ. ಇಲ್ಲಿ ಪ್ರತಿ ಹಲಗೆಯಲ್ಲೂ ಕಪ್ಪು ಗೆರೆ ಒಂದಿದೆ. ಏನಿದು?"

"ಮರದ್ದೇ ಗೆರೆ. ಹದಿಮೂರೂ ಒಂದೇ ತೇಗದ ತೊಲೆಯಿಂದ ಕೊಯ್ದದ್ದು. ಕೊಯ್ದ ಕ್ರಮದಲ್ಲೇ ಜೋಡಿಸಿದ್ರು. ಗೆರೆ ಮೆಟ್ಟಿಲಿಂದ ಮೆಟ್ಟಿಲಿಗೆ ಒಂದೊಂದು ಬೆರಳು ಸರೀತಾ ಹೋಗುತ್ತೆ. ಮರವೂ ನಮ್ಮ ಜೊತೆ ಮಹಡಿ ಹತ್ತುತ್ತೆ ಅನ್ನೋರು." ಅಷ್ಟು ಉದ್ದ ಅವಳು ಹನ್ನೆರಡು ದಿನದಿಂದ ಮಾತಾಡಿರಲಿಲ್ಲ.

ನಿಧಾನಪ್ಪ ಹೊರಬಂದು ಮಂಡಿಯ ಧೂಳು ಕೊಡವಿದ.

"ಆರರಲ್ಲಿ ಗೆರೆ ಇದೆ. ಎಂಟರಲ್ಲಿ ಇದೆ. ಮುರಿದ ಏಳರಲ್ಲಿ ಇಲ್ಲ. ನಾವೆಲ್ಲ ಗಂಟು ನೋಡಿದ್ವಿ, ಇಲ್ಲದ ಗೆರೆ ಯಾರೂ ನೋಡಲಿಲ್ಲ. ಅಂದ್ರೆ ನಿಮ್ಮ ಗಂಡ ಹಾಕಿದ್ದು ಈ ಹಲಗೆ ಅಲ್ಲವೇ ಅಲ್ಲ. ಯಾರೋ ಹಲಗೆ ಬಿಗಿದ ಬೆಣೆ ತೆಗೆದು ಒಳ್ಳೇದನ್ನ ಎಳ್ಕೊಂಡು, ಕುಯ್ದಿಟ್ಟ ಗಂಟಿನ ಹಲಗೆ ಕೂರಿಸಿದ್ದಾರೆ. ಹೇಗೆ ಕೂರಿಸಿದ್ದಾರೆ ಅಂತೀರಾ? ಹಲಗೆ ಕೂರೋ ಕಚ್ಚಿನಲ್ಲಿ ಉಳಿದ ತುದಿ ನೋಡಿದೆ, ಸಂದಿನಲ್ಲಿ ಕೂದಲೂ ತೂರಲ್ಲ. ಗಾರೆ ಕೆಲಸದವರ ಕೈ ಅಲ್ಲ. ಕೋಳಿ ಸಾಕೋರ ಕೈಯೂ ಅಲ್ಲ."

ಮೇಸ್ತ್ರಿಯೂ ತೋಟದವನೂ ತಮ್ಮ ತಮ್ಮ ಕೈ ನೋಡಿಕೊಂಡರು.

"ತೆಗೆದ ಹಲಗೆ ಎಲ್ಲಿ? ಬೇರೆಯವರಾಗಿದ್ರೆ ಒಲೆಗೆ ಹಾಕ್ತಿದ್ರು. ಅಂಥಾ ಹಳೇ ತೇಗ ಸುಡೋಕೆ ಬಡಗಿಗೆ ಕೈ ಬರಲ್ಲ. ಏನಾದ್ರೂ ಮಾಡೇ ಮಾಡ್ತಾನೆ." ಅವನು ಅವಳ ಕಡೆ ತಿರುಗಿದ. "ಈ ಸ್ಟೂಲು ಯಾವಾಗ ಬಂತು ಅಮ್ಮ?"

"ಐದನೇ ದಿನ. ಸಿಮೆಂಟ್ ನೆಲ ತಣ್ಣಗಿದೆ ಅಂತ ಭಾವ ಮಾಡ್ಕೊಂಡು ಬಂದ್ರು."

"ಒಂಚೂರು ಎದ್ದು ನಿಲ್ತೀರಾ?"

ಅವಳು ನಿಂತಳು. ಅವನು ಸ್ಟೂಲನ್ನು ಮಗುಚಿ, ಖಾಲಿಯಾಗಿದ್ದ ಏಳನೆಯ ಜಾಗಕ್ಕೆ ಅಡಿಯಿಂದ ಹಿಡಿದ. ಪೇದೆ ಟಾರ್ಚ್ ಹಾಕಿದ. ಸ್ಟೂಲಿನ ಹಲಗೆಯಲ್ಲೂ ಕಪ್ಪು ಗೆರೆ: ಆರರಿಂದ ಒಂದು ಬೆರಳು ಸರಿದು ಏಳಕ್ಕೆ ಬಂತು. ಅಲ್ಲಿಂದ ಒಂದು ಬೆರಳು ಸರಿದು ಎಂಟಕ್ಕೆ ಹೋಯಿತು.

ಏಳು ದಿನ ಅವಳು ಅದರ ಮೇಲೆ ಕೂತಿದ್ದಳು. ಅದರ ಮೇಲೆ ಕೂತೇ ಉಂಡಿದ್ದಳು.

"ತಮ್ಮನ್ನ ಕೊಂದದ್ದು ನೀವು," ಎಂದ ನಿಧಾನಪ್ಪ.

ಭಾವ ನೆಲಕ್ಕೆ ಕುಸಿದ. "ಅವನಿಗಲ್ಲ ಸಾರ್. ದೇವರಾಣೆ ಅವನಿಗಲ್ಲ. ಅವನು ಸೋಮವಾರ ಬರಬೇಕಿತ್ತು."

ಸೋಮವಾರದವರೆಗೆ ಆ ಮೆಟ್ಟಿಲು ಹತ್ತಬೇಕಿದ್ದವಳು ಅವಳೊಬ್ಬಳೇ.

"ನನಗಾ ಭಾವ?"

ಅವನು ತಲೆ ಎತ್ತಲಿಲ್ಲ. "ಕಾಲು ಮುರಿದ್ರೆ ಸಾಕಿತ್ತು ತಾಯಿ. ಈ ಕಾಡಿನಂಥ ಜಾಗದಲ್ಲಿ ನಿನ್ನ ನೋಡ್ಕೊಳ್ಳೋಕೆ ಆಗ್ದೆ ಅವನು ಪೇಟೆಗೆ ವಾಪಸ್ ಬರ್ತಿದ್ದ. ನನ್ನ ಕಣ್ಣು ಮಂಜಾಗಿದೆ. ಅವನಿಲ್ಲದೆ ಅಂಗಡಿ ಇಲ್ಲ. ಇಲ್ಲಿಗೆ ಎಳ್ಕೊಂಡು ಬಂದೋಳು ನೀನೇ ಅಂದ್ಕೊಂಡಿದ್ದೆ."

"ಜಾಗ ಹುಡುಕಿದ್ದು ಅವರು. ನಾನು ಬೇಡ ಅಂದಿದ್ದೆ."

ಪೇದೆ ಭಾವನ ತೋಳು ಹಿಡಿದು ಎಬ್ಬಿಸಿದ. ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ನಿಂತ. ಜೀಪಿನ ಬಾಗಿಲು ಮುಚ್ಚಿದ್ದು ಕೇಳಿಸಿತು.

ನಿಧಾನಪ್ಪ ಮಡಚಿದ್ದ ವರದಿಯನ್ನು ಹರಿದು, ಹೊಸ ಹಾಳೆ ತೆಗೆದು ಯಂತ್ರದ ಮೇಲಿಟ್ಟುಕೊಂಡ. "ನೀವು ಕೂತ್ಕೊಳ್ಳಿ ಅಮ್ಮ," ಎಂದವನು, ಸ್ಟೂಲಿನ ಮೇಲೆ ಕಣ್ಣು ಬಿದ್ದು ಅದನ್ನು ದೂರ ಸರಿಸಿದ.

ಅವಳು ನಿಂತೇ ಇದ್ದಳು.

"ಮೆಟ್ಟಿಲು ಸರಿಯಾಗಿತ್ತು ಅಂತ ಬರೀರಿ," ಎಂದಳು. "ಕೊಂದದ್ದು ಯಾರು, ಯಾಕೆ, ಅದೆಲ್ಲ ಆಮೇಲೆ ಬರೀರಿ. ಇದನ್ನ ಮೊದಲು."

ಅವನು ಬರೆದ. ಬರೆದದ್ದನ್ನು ಓದಿದ. ಇನ್ನೊಮ್ಮೆ ಓದಿ ಎಂದಳು. ಎರಡನೆಯ ಸಲ ಓದುವಾಗ, ಹನ್ನೆರಡು ದಿನದಲ್ಲಿ ಮೊದಲ ಬಾರಿಗೆ, ಅವಳಿಗೆ ಅಳು ಬಂತು.