ಲೋಟದ ತಳದ ಬಿಳಿ ಮಣ್ಣು

ಲೋಟದ ತಳದಲ್ಲಿ ಬಿಳಿ ಗಸಿ ಕೂತಿತ್ತು. ಆಸ್ಪತ್ರೆಯಿಂದ ತಂದ ಗಂಡನ ಲೋಟವನ್ನು ಕುದಿನೀರಿಗೆ ಹಾಕಲು ಹೊರಟಿದ್ದ ಓದಿಲಿಯಾ ಅದನ್ನು ಬೆರಳಿನಿಂದ ಸವರಿ ಮೂಸಿದಳು. ಒದ್ದೆ ನೆಲದ ವಾಸನೆ. ಅವಳಂಥ ಚಿಕಿಮುಲಾ ಸೀಮೆಯವರಿಗೆ ಅದರ ಗುರುತು ಹೇಳಬೇಕಿಲ್ಲ. ಎಸ್ಕಿಪುಲಾಸ್‌ನ ಕಪ್ಪು ಕ್ರಿಸ್ತನ ಗುಡಿಯ ಮುಂದೆ ಮಾರುವ ಮಣ್ಣಿನ ಬಿಲ್ಲೆ... ಬಸುರಿಯರು ತಿನ್ನುತ್ತಾರೆ, ಕಾಯಿಲೆಯವರಿಗೆ ನೀರಲ್ಲಿ ಕದಡಿ ಕುಡಿಸುತ್ತಾರೆ. ಚಿಕ್ಕಂದಿನಲ್ಲಿ ಅವಳೂ ಕುಡಿದವಳೇ.

"ಅತ್ತೆ, ಇದನ್ನ ನೆಫ್ತಾಲಿಗೆ ಕೊಟ್ರಾ?"

ಆಸ್ಪತ್ರೆಯ ಹತ್ತಿರ ಹಿಡಿದಿದ್ದ ಬಾಡಿಗೆ ಕೋಣೆಯ ಮಂಚದ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಎರ್ಮೆಲಿಂದಾ ತಲೆಯೆತ್ತಲಿಲ್ಲ. "ಕೊಟ್ಟೆ. ಅವನ ಮೈಯಲ್ಲಿ ಹುಟ್ಟಬೇಕಾಗಿರೋದು ನನ್ನ ರಕ್ತ. ಅದಕ್ಕೇನು ಬೇಕು ಅಂತ ನನಗೆ ಗೊತ್ತು, ನಿನಗಲ್ಲ."

ಬಸ್ ಓಡಿಸುತ್ತಿದ್ದ ನೆಫ್ತಾಲಿಗೆ ರಕ್ತದ ಕ್ಯಾನ್ಸರ್ ಬಂದಾಗ, ಅವನ ಹಳೆಯ ರಕ್ತವನ್ನೆಲ್ಲ ಔಷಧಿಯಿಂದ ಸುಟ್ಟು ತಾಯಿಯ ಕಾಂಡಕೋಶಗಳನ್ನು ಅವನಿಗೆ ಏರಿಸಿದ್ದರು. ಅಂದಿನಿಂದ ಎರ್ಮೆಲಿಂದಾ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, ಹಾಸಿಗೆ ಹಂಚಿಕೊಳ್ಳಲು ಹೆಂಡತಿ, ರಕ್ತ ಹಂಚಿಕೊಳ್ಳಲು ಮಾತ್ರ ಈ ಮುದುಕಿ ಎಂದು. ಆ ಕೋಶಗಳು ಮೂಳೆಯೊಳಗೆ ನೆಲೆಯೂರಿ ಬಿಳಿ ರಕ್ತಕಣಗಳನ್ನು ಹುಟ್ಟಿಸುವವರೆಗೆ ಅವನ ದೇಹ ಬಾಗಿಲಿಲ್ಲದ ಮನೆ. ಕುದಿಸದ ನೀರು ಕೂಡದು, ಹಸಿ ಹಣ್ಣು ಕೂಡದು, ಹೂವೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಮಣ್ಣಿನ ಹೆಸರು ಮಾತ್ರ ಯಾರೂ ಎತ್ತಿರಲಿಲ್ಲ.

ದಿನಾ ಬೆಳಿಗ್ಗೆ ನರ್ಸ್ ಅವನ ಕೋಣೆಯ ಗಾಜಿನ ಗೋಡೆಯ ಮೇಲೆ ಹೊರಗಿನಿಂದ ನೀಲಿ ಶಾಯಿಯಲ್ಲಿ ಅಂದಿನ ಬಿಳಿಕಣಗಳ ಸಂಖ್ಯೆ ಬರೆಯುತ್ತಿದ್ದಳು. ಐನೂರು ದಾಟಿ ಅಲ್ಲೇ ನಿಂತರೆ ಬದುಕಿಕೊಂಡ ಹಾಗೆ. ಬಹಳ ದಿನ ಬರೀ ಸೊನ್ನೆ. ಆ ಸೊನ್ನೆಯೊಳಗಿನಿಂದ ಗಂಡನ ಮುಖ ಕಾಣುವಂತೆ ಓದಿಲಿಯಾ ತಲೆ ವಾಲಿಸಿ ನಿಲ್ಲುತ್ತಿದ್ದಳು. ಒಳಗಿನಿಂದ ಅವನು ನಗುತ್ತಿದ್ದ. ನಿನ್ನೆ ನಲವತ್ತು ಬಂದಿತ್ತು.

ಇಂದು ಅವಳು ಆಸ್ಪತ್ರೆಗೆ ಓಡುವಷ್ಟರಲ್ಲಿ ಅವನಿಗೆ ಜ್ವರ ಏರಿತ್ತು. ಮಾಸ್ಕ್ ಕಟ್ಟಿಕೊಂಡು ಬಗ್ಗಿದವಳ ಕಿವಿಯಲ್ಲಿ ಅವನು ಪಿಸುಗುಟ್ಟಿದ.

"ಅಮ್ಮ ಅಷ್ಟು ದೂರದಿಂದ ತಂದಿದ್ಲು... ಬೇಡ ಅನ್ನೋಕಾಗ್ಲಿಲ್ಲ, ಓದಿಲಿಯಾ. ಮಣ್ಣು ಕುಡಿದಿದ್ದಾನೆ ಅಂತ ಡಾಕ್ಟರಿಗೆ ಹೇಳು. ಅವಳ ಹೆಸರು ಮಾತ್ರ ಹೇಳ್ಬೇಡ. ತನ್ನ ಕೈಯಾರೆ ಹೀಗಾಯ್ತು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ."

ಓದಿಲಿಯಾ ಹೊರಗೆ ಬಂದು ಮಣ್ಣಿನ ವಿಷಯ ಹೇಳಿದಳು. ಡಾಕ್ಟರಮ್ಮ ಮೊದಲು ಹೊಸ ಔಷಧಿಗೆ ಬರೆದುಕೊಟ್ಟರು. ಆಮೇಲೆ ಕೊಟ್ಟವರು ಯಾರು ಎಂದು ಕೇಳಿದರು. ಅಷ್ಟರಲ್ಲಿ ಎರ್ಮೆಲಿಂದಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಹಿಂದೆ ನಿಂತಿದ್ದಳು.

"ನಾನೇ," ಎಂದಳು ಓದಿಲಿಯಾ.

ಅವಳು ಇನ್ನು ಒಳಗೆ ಕಾಲಿಡಬಾರದೆಂದು ಅಪ್ಪಣೆಯಾಯಿತು. ಮಗನ ಕೈ ಹಿಡಿಯಲು ಒಬ್ಬರಾದರೂ ಬೇಕಲ್ಲ... ಎರ್ಮೆಲಿಂದಾ ಆಸ್ಪತ್ರೆಯ ಗೌನು ತೊಟ್ಟು ತಲೆ ತಗ್ಗಿಸಿ ಒಳಗೆ ಹೋದಳು.

ಅಲ್ಲಿಂದ ಮುಂದೆ ಒಳಗೆ ತಾಯಿ, ಹೊರಗೆ ಹೆಂಡತಿ, ನಡುವೆ ನೀಲಿ ಸಂಖ್ಯೆ. ನೂರಾಯಿತು, ಮುನ್ನೂರಾಯಿತು. ಜ್ವರ ಅದಕ್ಕಿಂತ ಬೇಗ ನಡೆಯಿತು, ಶ್ವಾಸಕೋಶಕ್ಕೆ ಇಳಿಯಿತು. ಮಣ್ಣಿನಿಂದಲೇ ಬಂದದ್ದೆಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ, ಓದಿಲಿಯಾಳ ಮುಖ ನೋಡಲಾರದೆ. ಕೊನೆಯ ಬೆಳಿಗ್ಗೆ ನರ್ಸ್ ಬರೆದ ಸಂಖ್ಯೆ ದೊಡ್ಡದಿತ್ತು. ಬರೆದು, ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ನಿಂತಳು. ಒಳಗೆ ಯಂತ್ರ ಅವನ ಪರವಾಗಿ ಉಸಿರಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದನ್ನೂ ನಿಲ್ಲಿಸಿದರು.

ಊರಿನ ಮನೆಯಲ್ಲಿ ಸತ್ತವನಿಗಾಗಿ ಒಂಬತ್ತು ದಿನದ ಪ್ರಾರ್ಥನೆ. ನೆಂಟರ ಹೆಂಗಸರು ಓದಿಲಿಯಾಳ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ಗಂಡನಿಗೆ ಮಣ್ಣು ಕುಡಿಸಿದವಳು ಎಂಬ ಮಾತು ಅಡುಗೆಮನೆಯಿಂದ ಅಂಗಳಕ್ಕೆ ಓಡಾಡಿತು. ಅವಳು ಬಾಗಿಲ ಹತ್ತಿರ ನಿಂತೇ ಪ್ರಾರ್ಥಿಸಿದಳು, ದಿನವೂ. ಕೊನೆಯ ದಿನ ಪೂಜೆಯ ಮೇಜು ಎತ್ತುವ ಹೊತ್ತಿಗೆ ನಾದಿನಿ ಮೌರಾ ಎಲ್ಲರಿಗೂ ಕೇಳುವಂತೆ ಅಂದಳು: "ಇನ್ನು ಇವಳ ತವರಿನ ಬಸ್ಸು ಎಷ್ಟು ಹೊತ್ತಿಗೋ ವಿಚಾರಿಸಿ."

ಎರ್ಮೆಲಿಂದಾ ಎದ್ದಳು. ಕ್ರಿಸ್ತನ ಪಟದ ಕೆಳಗಿದ್ದ ಬಿಳಿ ಬಿಲ್ಲೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಕುಡಿಸಿದ್ದು ನಾನು. ಈ ಕೈಯಲ್ಲಿ."

ಓದಿಲಿಯಾ ಮುಂದೆ ಬಂದಳು. "ಅತ್ತೆ, ಅದರಿಂದಲೇ ಅಂತ ಡಾಕ್ಟರೂ ಹೇಳಿಲ್ಲ..."

"ನೀನು ಸುಮ್ನಿರು. ನನ್ನ ಪಾಲಿನದನ್ನ ಇನ್ನೆಷ್ಟು ದಿನ ಹೊರ್ತೀಯ?" ಮುದುಕಿ ಬೆಂಚಿನ ಮೇಲೆ ಕುಸಿದು ಕೂತಳು. ಮೆಲ್ಲಗೆ, ಓದಿಲಿಯಾಳೊಬ್ಬಳಿಗೇ ಕೇಳಿಸುವಂತೆ ಕೇಳಿದಳು. "ಆ ಕೊನೇ ದಿನ ಗಾಜಿನ ಮೇಲೆ ಎಷ್ಟು ಬರೆದಿದ್ರು? ಒಳಗಿಂದ ನನಗೆ ತಿರುಗಾಮುರುಗಾ ಕಾಣ್ತಿತ್ತು."

"ಆರುನೂರ ಹತ್ತು."

"ಅಷ್ಟೂ ನನ್ನವೇ ಅಲ್ವಾ?"

"ನಿಮ್ಮವೇ, ಅತ್ತೆ. ಬಂದಿದ್ವು... ದಾರಿಯಲ್ಲಿ ಸ್ವಲ್ಪ ತಡ ಆಯ್ತು."

ಎರ್ಮೆಲಿಂದಾ ಪಕ್ಕದಲ್ಲಿದ್ದ ತನ್ನ ಶಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು.